ಲೋಡರಿನ ಕಾಲಿಗೆ ಕಟ್ಟಿದ ರಸ್ತೆ

ನಗರಸಭೆಯ ವಾಹನ ನಿಯಮಾವಳಿಯ ಏಳನೇ ನಿಯಮದ ಪ್ರಕಾರ, ಚಕ್ರವೆಂದರೆ ನೆಲವನ್ನು ಮುಟ್ಟಿಕೊಂಡು ತಿರುಗುವ ದುಂಡಗಿನ ವಸ್ತು. ನೆಲ ಮುಟ್ಟದೆ ತಿರುಗುವುದು ಫ್ಯಾನು. ನೆಲ ಮುಟ್ಟಿಯೂ ತಿರುಗದೆ ಇರುವುದು ಪೀಠೋಪಕರಣ. ಈ ನಿಯಮ ಜಾರಿಗೆ ಬಂದು ಮೂವತ್ತೊಂದು ವರ್ಷವಾಗಿದ್ದು, ಅದರಿಂದ ಯಾರಿಗಾದರೂ ತೊಂದರೆಯಾಗಿದೆ ಎಂಬ ದೂರು ಒಂದೂ ದಾಖಲಾಗಿರಲಿಲ್ಲ. ದೂರಿನ ನಮೂನೆಯಲ್ಲಿ ಚಕ್ರಕ್ಕೆ ಕಾಲಂ ಇರಲಿಲ್ಲ ಎಂಬುದು ಬೇರೆ ಮಾತು.

ಆ ನಗರಸಭೆಯ ಯಾರ್ಡಿನಲ್ಲಿ ಒಂದು ಪುಟ್ಟ ಲೋಡರ್ ಇತ್ತು. ನಾಲ್ಕು ಗಿಡ್ಡ ಚಕ್ರ, ಮುಂದೊಂದು ಬಕೆಟ್ಟು, ನಡುವೆ ಗಿಳಿಯ ಪಂಜರದಂಥ ಕ್ಯಾಬಿನ್ನು. ಸ್ಟಿಯರಿಂಗ್ ಇಲ್ಲ, ಎರಡು ಲಿವರ್ ಅಷ್ಟೇ. ಒಂದು ಕಡೆಯ ಚಕ್ರಗಳನ್ನು ಮುಂದಕ್ಕೂ ಇನ್ನೊಂದು ಕಡೆಯವನ್ನು ಹಿಂದಕ್ಕೂ ಓಡಿಸಿದರೆ ಗಾಡಿ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತಿತ್ತು. ಇದನ್ನು ಹತ್ತೊಂಬತ್ತು ವರ್ಷದಿಂದ ಓಡಿಸುತ್ತಿದ್ದವನನ್ನು ಊರೆಲ್ಲ ಲೋಡರಣ್ಣ ಎನ್ನುತ್ತಿತ್ತು. ಕಸದ ರಾಶಿ, ಕಟ್ಟಡದ ಪುಡಿ, ಚರಂಡಿಯ ಹೂಳು, ಎತ್ತಲಾಗದ್ದನ್ನೆಲ್ಲ ಎತ್ತುವುದು ಅವನ ಕೆಲಸ. ಎತ್ತಿ ಹಾಕಿದ ಮೇಲೆ ಯಾರೂ ಅವನನ್ನು ನೆನೆಸಿಕೊಳ್ಳುತ್ತಿರಲಿಲ್ಲ. ಎತ್ತದಿದ್ದರೆ ಮಾತ್ರ ಎಲ್ಲರಿಗೂ ಅವನ ಮನೆ ಎಲ್ಲಿದೆ ಎಂದು ಗೊತ್ತಿತ್ತು.

ಅವನ ಮನೆ ಇದ್ದದ್ದು ಏರುಬೀದಿಯಲ್ಲಿ. ನಲವತ್ತೆರಡು ಮನೆಗಳ ಬೀದಿ, ಮೇಲ್ತುದಿಯಲ್ಲಿ ಗೋಡೆ, ಕೆಳತುದಿಯಲ್ಲಿ ದೊಡ್ಡ ಬೀದಿ. ಬರಲೂ ಹೋಗಲೂ ಅದೊಂದೇ ಬಾಯಿ. ಒಂದು ಮಧ್ಯಾಹ್ನ ಆ ಬಾಯಿಯ ಪಕ್ಕದ ದಿಬ್ಬ ಜರಿದು ಬೀದಿಯ ಮೇಲೆ ಕೂತುಬಿಟ್ಟಿತು. ಯಾರಿಗೂ ಪೆಟ್ಟಾಗಲಿಲ್ಲ. ಒಂದು ಸಾರ್ವಜನಿಕ ನಲ್ಲಿ, ಎರಡು ಸೈಕಲ್ಲು ಮಣ್ಣಿನೊಳಗೆ ಹೋದವು. ಎಂಬತ್ತು ಹೆಜ್ಜೆಯಷ್ಟು ದಾರಿ ತೊಡೆಯುದ್ದ ಕೆಸರಾಯಿತು. ದಿಬ್ಬದ ಒಡಲಿಂದ ನೀರು ಒಸರುತ್ತಲೇ ಇದ್ದುದರಿಂದ ಕೆಸರು ಕೆಸರಾಗಿಯೇ ಉಳಿಯಿತು. ಮರುದಿನ ನಗರಸಭೆ ಪ್ರಕಟಣೆ ಹೊರಡಿಸಿತು: "ದಿಬ್ಬದ ಒಂದು ಭಾಗವು ಸ್ವಂತ ಇಚ್ಛೆಯಿಂದ ಕೆಳಗಿನ ಬೀದಿಗೆ ಸ್ಥಳಾಂತರಗೊಂಡಿದ್ದು, ಇದರಲ್ಲಿ ನಗರಸಭೆಯ ಪಾತ್ರವೇನೂ ಇರುವುದಿಲ್ಲ. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ."

ಸಾರ್ವಜನಿಕರು ಸಹಕರಿಸಿದರು. ಗಂಡಸರು ಪ್ಯಾಂಟು ಮಡಚಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರು. ಲೋಡರಣ್ಣನ ಹೆಂಡತಿ ಹೊಲಿಗೆಯವಳು. ಹೊಲಿದ ಸಮವಸ್ತ್ರಗಳ ಗಂಟನ್ನು ತಲೆಯ ಮೇಲಿಟ್ಟುಕೊಂಡು ದಾಟಿದಳು. ಕಷ್ಟವಾದದ್ದು ಅವಳ ತಾಯಿಗೆ. ಆಕೆಯ ಕಾಲಿನ ಹುಣ್ಣಿಗೆ ಮೂರು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಆಗಬೇಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರುತ್ತಿದ್ದರು. ಆಕೆ ಕುರ್ಚಿಯ ಕೈ ಹಿಡಿದು, "ನೀನು ಎಡಕ್ಕೆ ಬಾಗಿದೀಯ. ನೀನು ಮೂಗಲ್ಲಿ ಉಸಿರಾಡು, ಸುಸ್ತಾಗಲ್ಲ," ಎಂದು ಹೊರುವವರಿಗೆ ಸೂಚನೆ ಕೊಡುತ್ತಿದ್ದಳು.

ಮಣ್ಣು ತೆಗೆಯಿರಿ ಎಂದು ಮೊದಲು ಹೆಂಡತಿ, ಆಮೇಲೆ ಬೀದಿಯವರೆಲ್ಲ ಹೇಳಿದ್ದಕ್ಕೆ ಲೋಡರಣ್ಣ ಮೂರನೇ ದಿನವೇ ಗಾಡಿ ತಂದ. ಇಪ್ಪತ್ತು ಹೆಜ್ಜೆ ಒಳಗೆ ಹೋಗಿ ಬಕೆಟ್ಟು ಇಳಿಸುವಷ್ಟರಲ್ಲಿ ನಾಲ್ಕೂ ಚಕ್ರ ತಮ್ಮ ತಮ್ಮ ಗುಂಡಿ ತಾವೇ ತೋಡಿಕೊಂಡು ಅಚ್ಚಿನವರೆಗೆ ಇಳಿದವು. ಬೀದಿಯವರೆಲ್ಲ ಹಗ್ಗ ಹಾಕಿ ಸಂಜೆಯವರೆಗೆ ಎಳೆದರು.

"ನಿಮ್ಮ ಲೋಡರ್ ಮಣ್ಣು ತೆಗೆಯೋಕೆ ಬಂದಿತ್ತೋ, ಮಣ್ಣಿಗೆ ಸೇರೋಕೆ ಬಂದಿತ್ತೋ?" ಎಂದು ಹೆಂಡತಿ ಕೇಳಿದಳು.

ಅವನು ಕಿವಿಯಲ್ಲಿದ್ದ ಕೆಸರು ತೆಗೆದುಕೊಂಡ.

ಉಪಾಯ ಹೇಳಿದವನು ಗ್ಯಾರೇಜಿನ ಫಿಟ್ಟರು. "ಚಕ್ರದ್ದು ಏನಾಗುತ್ತೆ ಅಂದ್ರೆ ಅಣ್ಣ, ಭಾರವೆಲ್ಲ ನಾಲ್ಕು ಅಂಗೈಯಷ್ಟು ಜಾಗದ ಮೇಲೆ ಬೀಳುತ್ತೆ. ಅದಕ್ಕೇ ಹೂತ್ಕೊಳ್ಳುತ್ತೆ. ಚಕ್ರದ ಮೇಲೇ ರಬ್ಬರ್ ಪಟ್ಟಿ ಹಾಕಿಸ್ಕೊ. ಮುಂದಿನ ಚಕ್ರ, ಹಿಂದಿನ ಚಕ್ರ ಎರಡನ್ನೂ ಸುತ್ಕೊಂಡು ಬರುತ್ತೆ, ಬೆಲ್ಟಿನ ಹಾಗೆ. ಭಾರ ಹರಡ್ಕೊಳ್ಳುತ್ತೆ. ಕೆಸರ ಮೇಲೆ ಬಾತುಕೋಳಿ ಥರ ಹೋಗ್ತೀಯ. ಅರ್ಧ ದಿನದ ಕೆಲಸ."

ಅರ್ಧ ದಿನದ ಕೆಲಸವೆಂದು ಕೇಳಿ ಲೋಡರಣ್ಣ ಅಂದೇ ಅರ್ಜಿ ಬರೆದ.

ವಾಹನ ವಿಭಾಗದ ಅಧೀಕ್ಷಕರು ಒಳ್ಳೆಯ ಮನುಷ್ಯರು. ಮೇಜಿನ ಮೇಲೆ ಧೂಳಿರಬಾರದೆಂದು ಗಂಟೆಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಒರೆಸಿದ್ದು ಆರುವವರೆಗೆ ಕಡತ ಇಡುತ್ತಿರಲಿಲ್ಲ. ಅರ್ಜಿಯನ್ನು ಕೈಯಲ್ಲೇ ಹಿಡಿದು ಎರಡು ಸಲ ಓದಿದರು.

"ಪಟ್ಟಿ ಹಾಕಿದ ಮೇಲೆ ಚಕ್ರ ನೆಲ ಮುಟ್ಟುತ್ತಾ?"

"ಇಲ್ಲ ಸಾರ್. ಪಟ್ಟಿ ಮುಟ್ಟುತ್ತೆ."

"ಆದ್ರೆ ಚಕ್ರ ತಿರುಗ್ತಾ ಇರುತ್ತೆ?"

"ಹೌದು ಸಾರ್. ಚಕ್ರ ತಿರುಗಿದ್ರೇನೇ ಪಟ್ಟಿ ತಿರುಗೋದು."

ಅಧೀಕ್ಷಕರು ಅರ್ಜಿ ಮಡಚಿದರು. "ನೆಲ ಮುಟ್ಟದೆ ತಿರುಗಿದ್ರೆ ಅದು ಫ್ಯಾನು. ನಾಲ್ಕು ಫ್ಯಾನನ್ನ ವಾಹನ ವಿಭಾಗ ಇಟ್ಕೊಳ್ಳೋ ಹಾಗಿಲ್ಲ, ವಿದ್ಯುತ್ ವಿಭಾಗಕ್ಕೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಗಾಡಿ ಹೇಗೆ ಓಡಿಸ್ತೀರಿ?"

ಲೋಡರಣ್ಣ ಯೋಚಿಸಿ ನೋಡಿದ. ಓಡಿಸಲು ಆಗುವುದಿಲ್ಲ ಎಂದೇ ಅವನಿಗೂ ಅನ್ನಿಸಿತು.

"ನಮ್ಮ ಅತ್ತೆಗೆ ಕಾಲು ಹುಣ್ಣು ಸಾರ್. ಕುರ್ಚಿಯಲ್ಲಿ ಹೊತ್ಕೊಂಡು ಹೋಗ್ತಿದ್ದೀವಿ."

"ಕುರ್ಚಿಗೆ ಚಕ್ರ ಇದೆಯಾ?"

"ಇಲ್ಲ ಸಾರ್."

"ಹಾಗಾದ್ರೆ ಅದು ನಮ್ಮ ವಿಭಾಗಕ್ಕೆ ಬರಲ್ಲ," ಎಂದು ಅಧೀಕ್ಷಕರು ನಿಜವಾಗಿಯೂ ನೊಂದುಕೊಂಡರು. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, ಚಕ್ರವು ಯಾವುದನ್ನು ಮುಟ್ಟುತ್ತದೆ ಎಂಬುದನ್ನು ತೀರ್ಮಾನಿಸಲು ಅವರು ಚಕ್ರ ಸ್ಪರ್ಶ ಪರಿಶೀಲನಾ ಉಪಸಮಿತಿಯನ್ನು ರಚಿಸಿದರು.

ಉಪಸಮಿತಿ ಐದು ವಾರ ಕೆಲಸ ಮಾಡಿತು. ಪಟ್ಟಿ ಇನ್ನೂ ಬಂದಿರಲಿಲ್ಲವಾದ್ದರಿಂದ ಆಯುಕ್ತರ ಕೋಣೆಯ ಕಾರ್ಪೆಟ್ಟನ್ನು ಯಾರ್ಡಿನಲ್ಲಿ ಹಾಸಿ, ಅದರ ಮೇಲೆ ಲೋಡರನ್ನು ಹಿಂದೆ ಮುಂದೆ ಓಡಿಸಿ ನೋಡಿದರು. ಸದಸ್ಯರು ಒಬ್ಬೊಬ್ಬರಾಗಿ ನೆಲಕ್ಕೆ ಕೆನ್ನೆಯೂರಿ ಮಲಗಿ, ಚಕ್ರ ಕಾರ್ಪೆಟ್ಟನ್ನು ಮುಟ್ಟುತ್ತಿದೆ, ಕಾರ್ಪೆಟ್ಟು ನೆಲವನ್ನು ಮುಟ್ಟುತ್ತಿದೆ ಎಂದು ಕಣ್ಣಾರೆ ಕಂಡು ಸಹಿ ಹಾಕಿದರು. ವರದಿಯ ಕೊನೆಯ ಪುಟದಲ್ಲಿ ಹೀಗಿತ್ತು: "ರಸ್ತೆ ನಿಯಮಾವಳಿಯ ಮೂರನೇ ನಿಯಮದ ಪ್ರಕಾರ, ವಾಹನದ ಚಕ್ರಗಳು ಯಾವುದರ ಮೇಲೆ ಉರುಳುತ್ತವೆಯೋ ಅದು ರಸ್ತೆ. ಸದರಿ ಲೋಡರಿನ ಚಕ್ರಗಳು ರಬ್ಬರ್ ಪಟ್ಟಿಯ ಮೇಲೆ ಉರುಳುವುದರಿಂದ, ಸದರಿ ಪಟ್ಟಿಯು ರಸ್ತೆಯೇ ಆಗಿರುತ್ತದೆ. ಕಡತವನ್ನು ರಸ್ತೆ ವಿಭಾಗಕ್ಕೆ ವರ್ಗಾಯಿಸಿದೆ."

ಲೋಡರಣ್ಣ ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಮಷೀನಿನ ಚಕ್ರವನ್ನು ಕೈಯಲ್ಲಿ ತಡೆದು ನಿಲ್ಲಿಸಿದಳು.

"ಪಟ್ಟಿ ಕೇಳಿದ್ರಿ, ರಸ್ತೆ ಕೊಡ್ತಾರಂತಾ?"

"ಪಟ್ಟಿನೇ ರಸ್ತೆ ಅಂತೆ."

"ಹೆಸರು ಏನಾದ್ರೂ ಇಟ್ಕೊಳ್ಳಲಿ. ಕೆಸರ ಮೇಲೆ ಹೋದ್ರೆ ಸಾಕು," ಎಂದು ಅವಳು ಮತ್ತೆ ತುಳಿಯತೊಡಗಿದಳು. ಅವಳ ಪಾಲಿಗೆ ಆ ಕಡತ ಅಲ್ಲಿಗೆ ಮುಗಿಯಿತು.

ರಸ್ತೆ ಎಂಜಿನಿಯರು ಕಡತವನ್ನು ಒಂದೇ ಗಂಟೆಯಲ್ಲಿ ಮಂಜೂರು ಮಾಡಿದರು. ಆ ವಿಭಾಗದಲ್ಲಿ ಇಂಥ ವೇಗ ಹಿಂದೆ ಯಾರೂ ಕಂಡಿರಲಿಲ್ಲ. ಕಾರಣವಿತ್ತು. ವರ್ಷಾಂತ್ಯಕ್ಕೆ ಒಂದು ತಿಂಗಳಿತ್ತು. ಆ ವರ್ಷದ ಗುರಿ ಮೂವತ್ತು ಕಿಲೋಮೀಟರು ಹೊಸ ರಸ್ತೆ. ಸಾಧನೆ ಒಂದೂಕಾಲು ಕಿಲೋಮೀಟರು, ಅದರಲ್ಲಿ ಒಂದು ಕಿಲೋಮೀಟರು ಹಿಂದಿನ ವರ್ಷದ್ದೇ, ಮತ್ತೊಮ್ಮೆ ಬಣ್ಣ ಬಳಿದದ್ದು.

ಪಟ್ಟಿಗಳು ಎರಡು ದೊಡ್ಡ ಸುರುಳಿಯಾಗಿ ಬಂದವು. ಫಿಟ್ಟರು ಮೊದಲು ನಾಲ್ಕೂ ಚಕ್ರ ಬಿಚ್ಚಿ, ಪಟ್ಟಿ ಗಾಡಿಯ ಮೈಗೆ ಉಜ್ಜದ ಹಾಗೆ ಒಳಗೊಂದು ದಪ್ಪ ಬಿಲ್ಲೆ ಕೊಟ್ಟು ಚಕ್ರಗಳನ್ನು ಹೊರಕ್ಕೆ ಸರಿಸಿ ಬಿಗಿದ. ಟೈರಿನ ಗಾಳಿ ಸ್ವಲ್ಪ ಇಳಿಸಿದ. ಪಟ್ಟಿಗಳನ್ನು ನೆಲದ ಮೇಲೆ ಉದ್ದಕ್ಕೆ ಬಿಚ್ಚಿ ಹಾಸಿ, "ಹತ್ತಿಸು ಅಣ್ಣ, ನೇರವಾಗಿ," ಎಂದ. ಲೋಡರಣ್ಣ ಉಸಿರು ಬಿಗಿಹಿಡಿದು ಹತ್ತಿಸಿದ. ಪಟ್ಟಿಯ ಬಾಲವನ್ನು ಚಕ್ರಗಳ ತಲೆಯ ಮೇಲಿಂದ ಎಳೆದು ತಂದು, ಎರಡು ತುದಿ ಕೂಡಿಸಿ ಪಿನ್ನು ಹೊಡೆದು, ಟೈರಿಗೆ ಮತ್ತೆ ಗಾಳಿ ತುಂಬಿದಾಗ ಪಟ್ಟಿ ಮದ್ದಳೆಯ ಚರ್ಮದಂತೆ ಬಿಗಿಯಾಯಿತು. ಲೋಡರಣ್ಣ ಇಳಿದು ಸುತ್ತ ಬಂದು ನೋಡಿದ. ಹತ್ತೊಂಬತ್ತು ವರ್ಷದ ಗಾಡಿ ಹೊಸ ಬೂಟು ಹಾಕಿದಂತೆ ನಿಂತಿತ್ತು. ಮಧ್ಯಾಹ್ನದೊಳಗೆ ಏರುಬೀದಿಗೆ ಹೋದರೆ ಸಂಜೆಗೆ ಕಾಲುಭಾಗವಾದರೂ ತೆಗೆಯಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ಎಲ್ಲಿಗೆ?" ಎಂದರು ರಸ್ತೆ ಎಂಜಿನಿಯರು. "ಉದ್ಘಾಟನೆ ಆಗದ ರಸ್ತೆ ಮೇಲೆ ಗಾಡಿ ಬಿಡೋ ಹಾಗಿಲ್ಲ."

ಉದ್ಘಾಟನೆಗೆ ಆಯುಕ್ತರು ಬಂದರು. ರಸ್ತೆಯ ಆರಂಭದಲ್ಲಿ ಶಿಲಾಫಲಕ ನೆಡಬೇಕಾಗಿತ್ತು. ರಸ್ತೆ ಎಲ್ಲಿಂದ ಆರಂಭವೆಂದು ಫಿಟ್ಟರನ್ನು ಕೇಳಲಾಗಿ, ಅವನು ಪಟ್ಟಿಯನ್ನು ಒಂದು ಸುತ್ತು ನೋಡಿ, "ಇದಕ್ಕೆ ಶುರು ಇಲ್ಲ ಸಾರ್, ಕೊನೆನೂ ಇಲ್ಲ," ಎಂದ. ಆಯುಕ್ತರು ತಮ್ಮ ಭಾಷಣದಲ್ಲಿ, ಕೊನೆಯೇ ಇಲ್ಲದ ರಸ್ತೆಯನ್ನು ನಿರ್ಮಿಸಿದ ಮೊದಲ ನಗರಸಭೆ ತಮ್ಮದು ಎಂದು ಇದನ್ನೇ ಎತ್ತಿ ಹೇಳಿದರು. ಫಲಕವನ್ನು ಲೋಡರಿನ ಬೆನ್ನಿಗೆ ಕಟ್ಟಲಾಯಿತು.

ಪಟ್ಟಿಗಳು ಎರಡಾದ್ದರಿಂದ ರಸ್ತೆಗಳೂ ಎರಡು. ಎಡಗಡೆಯದಕ್ಕೆ ಆಯುಕ್ತರ ತಂದೆಯವರ ಹೆಸರನ್ನೂ, ಬಲಗಡೆಯದಕ್ಕೆ ಅವರ ಮಾವನವರ ಹೆಸರನ್ನೂ ಇಡಲಾಯಿತು. ಗಾಡಿ ಬಲಕ್ಕೆ ತಿರುಗುವಾಗ ತಂದೆಯವರು ಮುಂದಕ್ಕೂ ಮಾವನವರು ಹಿಂದಕ್ಕೂ ಹೋಗುತ್ತಾರೆಂಬುದನ್ನು ಗಮನಿಸಿದವರು ಆಯುಕ್ತರ ಪತ್ನಿ. ಮರುದಿನ ಬೆಳಿಗ್ಗೆ ಸುತ್ತೋಲೆ ಬಂತು: "ಲೋಡರನ್ನು ಎಡಕ್ಕೆ ಮಾತ್ರ ತಿರುಗಿಸತಕ್ಕದ್ದು. ಬಲಕ್ಕೆ ಹೋಗಬೇಕಾದ ಸಂದರ್ಭದಲ್ಲಿ ಮುಕ್ಕಾಲು ಸುತ್ತು ಎಡಕ್ಕೆ ತಿರುಗತಕ್ಕದ್ದು."

ಅಷ್ಟರಲ್ಲಿ ರಸ್ತೆ ಎಂಜಿನಿಯರ ಮುಖ ಬಾಡಿತ್ತು. ಅವರು ಟೇಪು ಹಿಡಿದು ಅಳೆದಿದ್ದರು. ಎರಡೂ ಸೇರಿ ಹತ್ತು ಮೀಟರು.

"ಗಾಡಿ ಮುಂದಕ್ಕೆ ಹೋದ್ರೆ?" ಎಂದು ಅವರು ಫಿಟ್ಟರನ್ನು ಕೇಳಿದರು.

"ಪಟ್ಟಿ ಮುಂದೆ ಮುಂದೆ ಹಾಸ್ಕೊಳ್ತಾ ಹೋಗುತ್ತೆ ಸಾರ್. ಹಿಂದಿಂದ ಎತ್ಕೊಳ್ತಾ ಬರುತ್ತೆ."

"ಎತ್ಕೊಳ್ಳೋದು ದುರಸ್ತಿ ವಿಭಾಗದ ವಿಷಯ," ಎಂದರು ಎಂಜಿನಿಯರು. ಅವರ ಮುಖಕ್ಕೆ ಮತ್ತೆ ಬಣ್ಣ ಬಂತು. "ಹಾಸಿದ್ದನ್ನ ಮಾತ್ರ ನಾವು ಅಳೀತೀವಿ."

ಹೀಗೆ ಲೋಡರಣ್ಣನಿಗೆ ಯಾರ್ಡಿನಲ್ಲಿ ಸುತ್ತುವ ಆದೇಶವಾಯಿತು. ಏರುಬೀದಿಗೆ ಹೋಗುತ್ತೇನೆಂದು ಅವನು ಬೇಡಿಕೊಂಡ. ಎಂಜಿನಿಯರು ನಕ್ಷೆ ಬಿಡಿಸಿ ತೋರಿಸಿದರು.

"ಅಲ್ಲಿ ಆಗ್ಲೇ ರಸ್ತೆ ಇದೆಯಲ್ಲಪ್ಪಾ."

"ಅದು ಮಣ್ಣಿನ ಅಡಿ ಇದೆ ಸಾರ್."

"ಅಡಿ ಇದ್ರೂ ಇದೆ ತಾನೇ? ಒಂದು ರಸ್ತೆ ಮೇಲೆ ಇನ್ನೊಂದು ರಸ್ತೆ ಹಾಸಿದ್ರೆ ಎರಡರಲ್ಲಿ ಒಂದು ಸುಳ್ಳು ಅಂತ ಆಗುತ್ತೆ. ನೀವು ಸುತ್ತಿ."

ಲೋಡರಣ್ಣ ಸುತ್ತಿದ. ಬೆಳಿಗ್ಗೆ ಒಂಬತ್ತರಿಂದ ಐದರವರೆಗೆ, ಎಡಕ್ಕೇ, ಹನ್ನೊಂದು ದಿನ. ಮೆಟ್ಟಿಲ ಮೇಲೆ ಕೂತ ಗುಮಾಸ್ತೆಯೊಬ್ಬಳು ಸುತ್ತು ಮುಗಿದಾಗಲೆಲ್ಲ ಕೈಯಲ್ಲಿದ್ದ ಎಣಿಕೆಯ ಗುಂಡಿ ಒತ್ತುತ್ತಿದ್ದಳು. ನಾಲ್ಕನೇ ದಿನದಿಂದ ಅವನಿಗೆ ನಡೆಯುವಾಗಲೂ ಎಡಕ್ಕೆ ಎಳೆದ ಹಾಗಾಗುತ್ತಿತ್ತು. ಮನೆಯಲ್ಲಿ ನೀರು ತರಲು ಅಡುಗೆಮನೆಗೆ ಹೊರಟವನು ಬಚ್ಚಲಲ್ಲಿ ನಿಂತಿರುತ್ತಿದ್ದ.

"ಇವತ್ತು ಎಷ್ಟು?" ಎಂದು ಹೆಂಡತಿ ಕೇಳುತ್ತಿದ್ದಳು.

"ಎರಡು ಮುಕ್ಕಾಲು ಕಿಲೋಮೀಟರ್ ಹೊಸ ರಸ್ತೆ."

"ಯಾರ ಮನೆ ಮುಂದೆ?"

"ಯಾರ ಮನೆ ಮುಂದೂ ಇಲ್ಲ."

ಅವಳು ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸುತ್ತಿದ್ದಳು. ಆ ಸದ್ದು ಅವನಿಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತಿತ್ತು.

ಹನ್ನೊಂದನೇ ದಿನ ಗುರಿ ಮುಟ್ಟಿತು. ರಸ್ತೆ ವಿಭಾಗಕ್ಕೆ ಉತ್ತಮ ಸಾಧನೆಯ ಪ್ರಶಸ್ತಿಯೂ, ಎಂಜಿನಿಯರಿಗೆ ಒಂದು ಶಾಲೂ ಬಂತು. ಗುಮಾಸ್ತೆಗೆ ಹೆಬ್ಬೆರಳು ಊದಿದ್ದಕ್ಕೆ ಎರಡು ದಿನದ ರಜೆ ಸಿಕ್ಕಿತು.

ಹನ್ನೆರಡನೇ ದಿನ ಬೆಳಿಗ್ಗೆ ಯಾರ್ಡಿಗೆ ಫೋನು ಬಂತು. ಹೆಂಡತಿ.

"ರೀ, ಕುರ್ಚಿ ಕಾಲು ಮುರೀತು. ಅಮ್ಮ ಕೆಸರಲ್ಲಿ ಬಿದ್ದಿದ್ದಾರೆ. ಹುಣ್ಣಿಗೆಲ್ಲ ಕೆಸರು ಹೋಗಿದೆ. ವಾಪಸ್ ಮನೆಗೆ ತಂದಿದ್ದೀವಿ. ಇನ್ನೊಂದು ಸಲ ಹೊರೋಕೆ ಯಾರೂ ಧೈರ್ಯ ಮಾಡ್ತಿಲ್ಲ." ಆಮೇಲೆ, "ನೀವು ಸುತ್ತೋದು ಮುಗೀತಾ?" ಎಂದಳು.

ಕೊನೆಯ ಮಾತನ್ನು ಅವಳು ವ್ಯಂಗ್ಯವಾಗಿ ಹೇಳಿರಲಿಲ್ಲ. ನಿಜವಾಗಿಯೇ ಕೇಳಿದ್ದಳು. ಅದು ಅವನಿಗೆ ತಡೆಯಲಾಗಲಿಲ್ಲ. ಅವನು ಯಾರಿಗೂ ಹೇಳದೆ ಗಾಡಿ ಸ್ಟಾರ್ಟ್ ಮಾಡಿ ಗೇಟಿನಿಂದ ಹೊರಗೆ ಬಂದ. ಕಾವಲುಗಾರ ಸಲಾಮು ಹೊಡೆದ, ರಸ್ತೆ ಹೊರಗೆ ಹೋಗುವುದನ್ನು ತಡೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ದೊಡ್ಡ ಬೀದಿಯಲ್ಲಿ ಬಲಕ್ಕೆ ತಿರುಗಬೇಕಾದಾಗ ಲೋಡರಣ್ಣ ಬಲಕ್ಕೇ ತಿರುಗಿದ. ಎರಡು ಕಡೆ ಹಾಗೇ ಬಲಕ್ಕೆ ತಿರುಗಿದ.

ಕೆಸರಿನ ಅಂಚಿನಲ್ಲಿ ಒಂದು ಗಳಿಗೆ ಗಾಡಿ ನಿಲ್ಲಿಸಿದ. ಹಿಂದಿನ ಸಲ ಹೂತದ್ದು ಇಲ್ಲೇ. ಆಮೇಲೆ ಮೆಲ್ಲಗೆ ಬಿಟ್ಟ. ಪಟ್ಟಿಗಳು ಚಪ್ಪಟೆಯಾಗಿ ಕೆಸರಿನ ಮೇಲೆ ಕೂತವು, ಒಂದಿಷ್ಟು ಒತ್ತಿದವು, ಹಿಡಿದವು. ಗಾಡಿ ಹೊರಳದೆ, ಜಾರದೆ, ತೇಲಿದ ಹಾಗೆ ಎಂಬತ್ತು ಹೆಜ್ಜೆ ದಾಟಿ ಮನೆಯ ಮುಂದೆ ನಿಂತಿತು. ಬಕೆಟ್ಟಿನಲ್ಲಿ ಹಾಸಿಗೆ ಹಾಸಿದರು, ಅತ್ತೆಯನ್ನು ಕೂರಿಸಿದರು, ಹೆಂಡತಿ ಪಕ್ಕದಲ್ಲಿ ಕೂತಳು.

"ಅಳಿಯಂದ್ರೇ, ಸ್ವಲ್ಪ ಎತ್ತರ ಮಾಡಿ. ಏನೂ ಕಾಣ್ತಿಲ್ಲ," ಎಂದಳು ಅತ್ತೆ.

ಅವನು ಒಂದು ಗೇಣು ಎತ್ತರಿಸಿದ. ಬೀದಿಯವರೆಲ್ಲ ಹೊಸ್ತಿಲಿಗೆ ಬಂದು ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಹುಣ್ಣು ತೊಳೆದು ಕಟ್ಟಿದ ವೈದ್ಯೆ, ಇನ್ನೊಂದು ಗಂಟೆ ತಡವಾಗಿದ್ದರೆ ನಂಜಾಗುತ್ತಿತ್ತು ಎಂದರು. ಲೋಡರಣ್ಣ ಆಸ್ಪತ್ರೆಯ ಅಂಗಳದಲ್ಲಿ ಪಟ್ಟಿಯ ಮೇಲೆ ಕೂತು ಮುಖ ಒರೆಸಿಕೊಂಡ. ಒರೆಸಿದ್ದು ಬರೀ ಬೆವರಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಣ್ಣು ತೆಗೆಯಲೆಂದು ಮತ್ತೆ ಬಂದಾಗ ಬೀದಿಯ ಬಾಯಲ್ಲಿ ಸಾಲು ನಿಂತಿತ್ತು. ನಿವೃತ್ತ ಮೇಷ್ಟ್ರು, ಅಂಗಡಿಯಾತ, ಮೂವರು ನರ್ಸುಗಳು, ಕೊಳಲಿನ ಪೆಟ್ಟಿಗೆ ಹಿಡಿದ ಒಬ್ಬ, ಹೆಂಡತಿಯ ಗಂಟು. "ಒಂದೇ ಒಂದು ಸಲ ದಾಟಿಸ್ಬಿಡಿ ಲೋಡರಣ್ಣ, ಆಮೇಲೆ ಮಣ್ಣು ತೆಗೀರಂತೆ," ಎಂದರು. ದಾಟಿಸಿ ಮುಗಿಯುವಷ್ಟರಲ್ಲಿ ಹೋದವರು ವಾಪಸ್ಸು ಬರತೊಡಗಿದ್ದರು.

ನಾಲ್ಕನೇ ದಿನ ರಸ್ತೆ ಎಂಜಿನಿಯರು ಜೇಬಿನಲ್ಲಿ ಕಾರಣ ಕೇಳಿ ನೋಟೀಸು ಇಟ್ಟುಕೊಂಡು ಬಂದರು. ಅದರಲ್ಲಿ ಮೂರು ಆರೋಪಗಳಿದ್ದವು: ಅನುಮತಿಯಿಲ್ಲದೆ ಎರಡು ರಸ್ತೆಗಳನ್ನು ಯಾರ್ಡಿನಿಂದ ಹೊರಗೆ ಒಯ್ದಿರುವುದು, ರಸ್ತೆಯ ಮೇಲೆ ರಸ್ತೆ ಹಾಸಿರುವುದು, ಆಯುಕ್ತರ ಮಾವನವರನ್ನು ಸಾರ್ವಜನಿಕವಾಗಿ ಎರಡು ಬಾರಿ ಹಿಂದಕ್ಕೆ ಸರಿಸಿರುವುದು. ಆದರೆ ಅವರ ಇನ್ನೊಂದು ಜೇಬಿನಲ್ಲಿ ಬೇರೊಂದು ಕಾಗದವೂ ಇತ್ತು. ಮೂವತ್ತು ಕಿಲೋಮೀಟರು ಹೊಸ ರಸ್ತೆಯನ್ನು ಯಾರು ಬಳಸುತ್ತಿದ್ದಾರೆ, ಒಬ್ಬರ ಹೆಸರನ್ನಾದರೂ ತಿಳಿಸಿ ಎಂದು ಲೆಕ್ಕ ತಪಾಸಣೆಯವರು ಅವರನ್ನೇ ಕೇಳಿದ್ದರು.

ಅವರು ಸಾಲನ್ನು ನೋಡಿದರು. ಬಕೆಟ್ಟಿನಲ್ಲಿ ಕೂತ ಏಳು ಜನರನ್ನು ನೋಡಿದರು.

"ಇದನ್ನ ಎಷ್ಟು ಜನ ಬಳಸ್ತಾರಮ್ಮ?" ಎಂದು ಲೋಡರಣ್ಣನ ಹೆಂಡತಿಯನ್ನು ಕೇಳಿದರು.

"ನಲವತ್ತೆರಡು ಮನೆಯೋರೂ," ಎಂದಳು ಅವಳು. "ಬೇರೆ ದಾರಿ ಎಲ್ಲಿದೆ?"

ಎಂಜಿನಿಯರು ಮೊದಲ ಜೇಬಿನ ಕಾಗದವನ್ನು ಮಡಚಿ ಇನ್ನೂ ಒಳಗೆ ತಳ್ಳಿದರು. ಎರಡನೆಯದರ ಹಿಂಬದಿಯಲ್ಲಿ ನಲವತ್ತೆರಡು ಸಹಿ ತೆಗೆದುಕೊಂಡರು. ಅಲ್ಲಿಂದಾಚೆ ಲೋಡರಣ್ಣನ ಸೇವೆಯನ್ನು ಏರುಬೀದಿಗೆ ನಿಯೋಜಿಸಿ ಆದೇಶವಾಯಿತು, ಹುದ್ದೆಯ ಹೆಸರು ರಸ್ತೆ ಚಾಲಕ ಎಂದಾಯಿತು, ಬಕೆಟ್ಟಿನಲ್ಲಿ ಅಡ್ಡಕ್ಕೊಂದು ಬೆಂಚು ಕೂತಿತು. ಹೆಂಡತಿ ಬೆಂಚಿಗೆ ರೆಕ್ಸಿನ್ ಮೆತ್ತೆ ಹೊಲಿದುಕೊಟ್ಟಳು. ಕ್ಯಾಬಿನ್ನಿನ ಮೇಲೆ ಒಂದು ಫಲಕ ಬಂತು: "ಬಕೆಟ್ಟಿನಲ್ಲಿ ನಿಂತು ವಾದಿಸಬಾರದು. ಬಕೆಟ್ಟಿನ ಹಲ್ಲಿನ ಕಡೆಯ ಸೀಟು ಹಿರಿಯರಿಗೆ ಅಲ್ಲ. ಮಣ್ಣು ತೆಗೆಯುವಂತೆ ಚಾಲಕರನ್ನು ಒತ್ತಾಯಿಸಬಾರದು."

ಎರಡು ತಿಂಗಳು ಹೀಗೆ ಕಳೆಯಿತು. ಗಾಡಿ ಕಾಯುವ ಜಾಗದಲ್ಲಿ ಅಂಗಡಿಯಾತ ಎರಡನೇ ಅಂಗಡಿ ತೆರೆದ. ಮಂಡಿನೋವಿನ ಮೇಷ್ಟ್ರು ವಾಚನಾಲಯಕ್ಕೆ ದಿನಕ್ಕೆರಡು ಸಲ ಹೋಗತೊಡಗಿದರು. ಬಕೆಟ್ಟಿನಲ್ಲಿ ಕೂರುವುದಕ್ಕೆಂದೇ ದೂರದವರು ಬಂದು, ಬಂದದ್ದಕ್ಕೆ ಲೋಡರಣ್ಣನ ಹೆಂಡತಿಯ ಹತ್ತಿರ ಒಂದು ಅಂಗಿ ಹೊಲಿಸಿಕೊಂಡು ಹೋಗುತ್ತಿದ್ದರು. ಅತ್ತೆಯ ಹುಣ್ಣು ಮಾಗಿ ಕಲೆ ಮಾತ್ರ ಉಳಿದಿತ್ತು. ಆದರೂ ಆಕೆ ಮೂರು ದಿನಕ್ಕೊಮ್ಮೆ ಆಸ್ಪತ್ರೆಯವರೆಗೆ ಹೋಗಿ, ನರ್ಸುಗಳನ್ನು ಮಾತಾಡಿಸಿ ಬರುತ್ತಿದ್ದಳು.

ಆಮೇಲೆ ದಿಬ್ಬದ ಒಸರು ನಿಂತಿತು. ಬಿಸಿಲು ಬಿತ್ತು. ಕೆಸರಿನ ಮೇಲೆ ಗಟ್ಟಿ ಪದರ ಕಟ್ಟಿ, ಅಂಚುಗಳಲ್ಲಿ ಬಿರುಕು ಬಿಟ್ಟಿತು. ತಿಂಗಳ ತಪಾಸಣೆಗೆ ಬಂದ ಫಿಟ್ಟರು ಪಟ್ಟಿಗೆ ಉಗುರು ಒತ್ತಿ ನೋಡಿ, "ನೆಲ ಗಟ್ಟಿಯಾದ್ರೆ ಇದು ಬೇಗ ಸವೆಯುತ್ತೆ. ಮೆತ್ತಗಿದ್ರೇನೇ ಬಾಳಿಕೆ," ಎಂದ. ಅವನು ಹೇಳಿದ್ದು ರಬ್ಬರಿನ ಬಗ್ಗೆ. ರಸ್ತೆ ವಿಭಾಗ ಅದನ್ನು ರಸ್ತೆಯ ಬಗ್ಗೆ ಎಂದು ಟಿಪ್ಪಣಿ ಮಾಡಿಕೊಂಡಿತು. ಪ್ರಶಸ್ತಿ ಪಡೆದ ಮೂವತ್ತು ಕಿಲೋಮೀಟರು ಸವೆದುಹೋಗುವುದನ್ನು ಕೈಕಟ್ಟಿ ನೋಡುವಂತಿರಲಿಲ್ಲ. ಮರುವಾರದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಟ್ಯಾಂಕರು ಬಂದು ಕೆಸರಿಗೆ ನೀರು ಬಿಡತೊಡಗಿತು. ಬೀದಿಯವರು ಅದೇ ಟ್ಯಾಂಕರಿನಿಂದ ಎರಡು ಕೊಡ ಹಿಡಿದುಕೊಳ್ಳುತ್ತಿದ್ದರು. ಮಣ್ಣಿನಡಿ ಸಿಕ್ಕಿಕೊಂಡ ನಲ್ಲಿಯ ಮಾತನ್ನು ಎಲ್ಲರೂ ಬಿಟ್ಟಿದ್ದರು.

ಒಂದು ಬೆಳಿಗ್ಗೆ ಲೋಡರಣ್ಣ ಆರೂವರೆಗೇ ಗಾಡಿ ಹತ್ತಿದ. ಮಣ್ಣು ಹದವಾಗಿತ್ತು: ಕೆಳಗೆ ಜಾರದಷ್ಟು ಗಟ್ಟಿ, ಬಕೆಟ್ಟಿಗೆ ಬರುವಷ್ಟು ಮೆತ್ತಗೆ. ಹತ್ತೊಂಬತ್ತು ವರ್ಷ ಮಣ್ಣು ಎತ್ತಿದವನ ಕೈಗೆ ಅದು ನೋಡಿದರೇ ತಿಳಿಯುತ್ತದೆ. ಬೆಂಚು ಬಿಚ್ಚಿ ಪಕ್ಕಕ್ಕಿಟ್ಟ. ಬಕೆಟ್ಟು ಇಳಿಸಿ ಒತ್ತಿದ, ತಿರುವಿದ, ಎತ್ತಿದ. ಒಂದು. ಎರಡು. ಮೂರನೆಯದರ ಅಡಿಯಲ್ಲಿ ಕಪ್ಪಗೆ ಟಾರು ಕಂಡಿತು, ಅದರ ಮೇಲೆ ಬಿಳಿ ಗೆರೆಯ ಒಂದು ತುಂಡೂ ಹಾಗೇ ಇತ್ತು. ಅವನು ಇಂಜಿನು ನಿಲ್ಲಿಸಿ ಅದನ್ನೇ ನೋಡಿದ. ಕಳೆದುಹೋದ ವಸ್ತು ಸಿಕ್ಕಿದಾಗ ಆಗುವಂಥ ಖುಷಿ ಅವನಿಗಾಯಿತು. ಹೀಗೇ ಹೋದರೆ ಮಧ್ಯಾಹ್ನಕ್ಕೆ ಮುಗಿಯುತ್ತದೆ.

ಇಂಜಿನು ನಿಂತದ್ದಕ್ಕೆ ಬಾಗಿಲುಗಳು ತೆರೆದವು. ಬೀದಿಯವರು ಒಬ್ಬೊಬ್ಬರಾಗಿ ಬಂದು ಟಾರಿನ ಸುತ್ತ ನಿಂತರು.

"ಏನ್ ಮಾಡ್ತಿದ್ದೀರಾ ಲೋಡರಣ್ಣ?" ಎಂದು ಅಂಗಡಿಯಾತ ಕೇಳಿದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕಳವಳವಿತ್ತು.

"ಮಣ್ಣು ತೆಗೀತಿದ್ದೀನಿ."

"ಯಾರಾದ್ರೂ ಹೇಳಿದ್ರಾ?"

"ಮೊದಲು ನೀವೇ ಹೇಳಿದ್ದು."

"ಮೊದಲಿನ ಮಾತು ಬಿಡಿ," ಎಂದರು ಮೇಷ್ಟ್ರು. ಕನ್ನಡಕ ಏರಿಸಿಕೊಂಡು ಬಿಳಿ ಗೆರೆಯನ್ನು ನೋಡಿದರು. "ಈ ರಸ್ತೆ ಏರು ಬಹಳ. ನಾನು ನಡೆದು ಬರ್ತಿದ್ದ ಕಾಲದಲ್ಲಿ ಮೂರು ಕಡೆ ನಿಂತು ಉಸಿರು ತಗೋತಿದ್ದೆ. ಆಗ ಯಾರೂ ನನ್ನನ್ನ ಎತ್ಕೊಂಡು ಹೋಗ್ತಿರ್ಲಿಲ್ಲ."

ಲೋಡರಣ್ಣ ಹೆಂಡತಿಯ ಕಡೆ ನೋಡಿದ. ಎಲ್ಲರಿಗಿಂತ ಮೊದಲು ಮಣ್ಣು ತೆಗೆಯಿರಿ ಎಂದವಳು ಅವಳು. ಅವಳು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದಳು. ಗಾಡಿಯ ಹತ್ತಿರ ಬಂದು, ಉಳಿದವರಿಗೆ ಕೇಳಿಸದಂತೆ ಮಾತಾಡಿದಳು.

"ಇದು ತೆಗೆದ ಮೇಲೆ ನಿಮ್ಮನ್ನ ಎಲ್ಲಿಗೆ ಹಾಕ್ತಾರೆ?"

"ಕಸದ ಯಾರ್ಡಿಗೆ."

"ಹತ್ತೊಂಬತ್ತು ವರ್ಷ ಈ ಬೀದಿಲಿ ನಿಮ್ಮನ್ನ ಯಾರಾದ್ರೂ ನಿಲ್ಲಿಸಿ ಊಟ ಆಯ್ತಾ ಅಂತ ಕೇಳಿದ್ರಾ? ಈಗ ದಿನಾ ನಲವತ್ತು ಜನ ಕೇಳ್ತಾರೆ. ನೀವು ಮನೆಗೆ ಬಂದಾಗ ನಿಮ್ಮ ಮೈಯಿಂದ ಕಸದ ವಾಸನೆ ಬರಲ್ಲ. ನನಗೂ ಕೈ ತುಂಬ ಕೆಲಸ ಇದೆ." ಅವಳು ಟಾರಿನ ತುಂಡನ್ನು ಒಮ್ಮೆ ನೋಡಿದಳು, ಗಿರಾಕಿಗೆ ಒಗ್ಗದ ಬಣ್ಣದ ಬಟ್ಟೆ ನೋಡುವಂತೆ. "ತೆಗೀಬೇಡಿ ಅಂತ ನಾನು ಹೇಳ್ತಿಲ್ಲ. ನಿಮಗೆ ಹೇಗೆ ಕಾಣುತ್ತೋ ಹಾಗೆ ಮಾಡಿ."

ಲೋಡರಣ್ಣ ಕ್ಯಾಬಿನ್ನಿನಿಂದ ಬಗ್ಗಿ ನೋಡಿದ. ಟಾರು ಎರಡು ಮಂಚದಷ್ಟು ಅಗಲ ಕಾಣುತ್ತಿತ್ತು. 'ಇದೂ ರಸ್ತೆನೇ ಅಲ್ವಾ' ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ, ನಕ್ಷೆಯಲ್ಲೂ ಇದೆ. ಆದರೆ ಅದರ ಮೇಲೆ ಹೋಗಬೇಕೆನ್ನುವವರು ಯಾರೂ ಅಲ್ಲಿರಲಿಲ್ಲ. ನರ್ಸುಗಳು ಗಡಿಯಾರ ನೋಡಿಕೊಳ್ಳುತ್ತಿದ್ದರು. ಯಾರೋ ಬೆಂಚನ್ನು ಎತ್ತಿ ತಂದು, ಅವಸರವಿಲ್ಲವೆಂಬಂತೆ, ಗಾಡಿಯ ಪಕ್ಕದಲ್ಲಿ ಇಟ್ಟರು.

ಅವನು ಇಂಜಿನು ಶುರು ಮಾಡಿದ. ತೆಗೆದ ಮಣ್ಣನ್ನು ಮತ್ತೆ ಬಕೆಟ್ಟಿಗೆ ತುಂಬಿ ಟಾರಿನ ಮೇಲೆ ಸುರಿದ. ಮೂರು ಸಲ ಸುರಿದು, ಬಕೆಟ್ಟಿನ ಬೆನ್ನಿನಿಂದ ಹಿಂದಕ್ಕೆಳೆದು, ಎಲ್ಲೂ ಉಬ್ಬು ತಗ್ಗು ಇರದ ಹಾಗೆ ಸಮ ಮಾಡಿದ. ಕೆಲಸವನ್ನು ಅವನು ಯಾವತ್ತೂ ಅರ್ಧಂಬರ್ಧ ಮಾಡಿದವನಲ್ಲ. ಎಂಟಕ್ಕೆ ಟ್ಯಾಂಕರು ಬಂದು ಪೈಪು ಬಿಚ್ಚಿತು. ಬೆಂಚು ಕೂತಿತು, ಬೆಂಚಿನ ಮೇಲೆ ಜನ ಕೂತರು. ಅತ್ತೆ ನಡೆದೇ ಬಂದು ತನ್ನ ಜಾಗ ಹಿಡಿದು, ಸೆರಗು ಸರಿಮಾಡಿಕೊಂಡು, ನೀರು ಹರಿಯುವುದನ್ನು ಆ ತುದಿಯಿಂದ ಈ ತುದಿಯವರೆಗೆ ಪರೀಕ್ಷಿಸಿದಳು.

"ಅಳಿಯಂದ್ರೇ, ಆ ಟ್ಯಾಂಕರಿನವರಿಗೆ ಒಂದು ಮಾತು ಹೇಳಿ," ಎಂದಳು. "ನೀವು ಈಗ ಹಾಕಿದ್ರಲ್ಲ, ಅಲ್ಲಿ ಇನ್ನೂ ಗಟ್ಟಿ ಇದೆ."

ಲೋಡರಣ್ಣ ತಲೆ ಹೊರಗೆ ಹಾಕಿ ಹೇಳಿದ. ಟ್ಯಾಂಕರಿನವರು ಪೈಪನ್ನು ಆ ಕಡೆ ತಿರುಗಿಸಿದರು.